ದೊಡ್ಡವಳ ಫೋಟೊ, ಚಿಕ್ಕವಳ ಸುದ್ದಿ

ಮಾರ್ಚ್ 3, ಸಂಜೆ 6

ಆಸ್ಪತ್ರೆ ಲಾಂಡ್ರಿಯಲ್ಲಿ ಇವತ್ತು ವಿಪರೀತ ಕೆಲಸ. ದೊಡ್ಡ ಮಿಷನ್ ಮತ್ತೆ ನಿಂತಿತು. ಚಾದರಗಳನ್ನು ಕೈಯಲ್ಲೇ ಹಿಂಡಿದೆವು. ಭುಜ ನೋಯುತ್ತಿದೆ. ಒಳ್ಳೆಯದೇ. ಬೇರೆ ನೋವು ಅಷ್ಟು ಹೊತ್ತು ಸುಮ್ಮನಿರುತ್ತದೆ.

ಚಿಕ್ಕ ಮಗಳು ಜಾಮೀನಿನ ಮೇಲೆ ಮನೆಗೆ ಬಂದು ವಾರವಾಯಿತು. ಅವಳು ಕೆಲಸಕ್ಕಿದ್ದ ಮನೆಯಲ್ಲಿ, ನೋಡಿಕೊಳ್ಳುತ್ತಿದ್ದ ಅಜ್ಜಿಯ ಒಡವೆ ಕಾಣೆಯಾಗಿದೆ. ಕೇಸು ಇಬ್ಬರ ಮೇಲೆ — ಇವಳು, ಆ ಮನೆಯ ಸೊಸೆ. ಪೇಪರಿನಲ್ಲಿ ಸೊಸೆ ‘ಇಬ್ಬರು ಮಕ್ಕಳ ತಾಯಿ, ಮೃದು ಸ್ವಭಾವದ ಶಿಕ್ಷಕಿ’. ಇವಳು ‘ಹೊರಗಿನಿಂದ ಬಂದ ಕರಿ ಹೆಣ್ಣು’. ವಲಸೆ ಬಂದದ್ದು ನನ್ನ ತಾತ. ಇವಳು ಹುಟ್ಟಿದ್ದು ನಾನು ಚಾದರ ಒಗೆಯುವ ಇದೇ ಆಸ್ಪತ್ರೆಯಲ್ಲಿ.

ಓದಿ ಹೇಳಿದೆ. ನಕ್ಕಳು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ, ಅಮ್ಮಾ. ಎಮ್ಮೆ ಕಪ್ಪಗಿದೆಯಲ್ಲ, ಬರೆ ಕಾಣಲ್ಲ ಅಂದ್ಕೊಂಡಿದ್ದಾರೆ.”

ಮಾರ್ಚ್ 4, ಬೆಳಗ್ಗೆ

ಪೇಪರಿನಲ್ಲಿ ಫೋಟೊ ಬಂದಿದೆ. ಚಿಕ್ಕವಳದ್ದಲ್ಲ. ದೊಡ್ಡವಳದ್ದು.

ಬರೆಯಲು ಆಗುತ್ತಿಲ್ಲ...

ಅದೇ ದಿನ, ಸಂಜೆ

ದೊಡ್ಡವಳು ಜ್ವರದಲ್ಲಿ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ಅವತ್ತಿನಿಂದ ಚಿಕ್ಕವಳು ತನ್ನ ಡಿಪಿಗೆ ಅಕ್ಕನ ಫೋಟೊ ಹಾಕಿಕೊಂಡಿದ್ದಾಳೆ. ಪೇಪರಿನವರು ಅದನ್ನೇ ಎತ್ತಿಕೊಂಡಿದ್ದಾರೆ. ಕೋರ್ಟಿಗೆ ಕರೆದೊಯ್ದಾಗ ಪೊಲೀಸರು ಇವಳ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಯಾರೂ ಸರಿಯಾಗಿ ಕಂಡಿಲ್ಲ. ಗುಂಗುರು ಕೂದಲು, ಕಪ್ಪು ಮುಖ — ಅವರಿಗೆ ಅಷ್ಟು ಸಾಕಾಯಿತು. ಒಂದು ಫೋನ್ ಮಾಡಿ ಕೇಳಲಿಲ್ಲ.

ಸಮುದ್ರದ ದಂಡೆಯಲ್ಲಿ ತಂಪು ಕನ್ನಡಕ ಹಾಕಿಕೊಂಡು ನಗುತ್ತಿರುವ ಫೋಟೊ. ದೊಡ್ಡವಳು ಮೊದಲ ಸಂಬಳ ಬಂದ ವಾರ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದಳು. ಆ ನಗುವಿನ ಕೆಳಗೆ ‘ಮೋಜಿನ ಬಾಳಿಗಾಗಿ ಕಳ್ಳತನ?’ ಎಂದು ಹಾಕಿದ್ದಾರೆ. ಪಕ್ಕದಲ್ಲಿ ಸೊಸೆಯ ಫೋಟೊ, ತೊಡೆಯ ಮೇಲೆ ಮಕ್ಕಳು.

ಲಾಂಡ್ರಿಯಲ್ಲಿ ಇಸ್ತ್ರಿಯವಳು ನನ್ನ ಪಾಲಿನ ರಾಶಿಯನ್ನೂ ಮಡಚಿಟ್ಟು ಹೋದಳು.

ಮಾರ್ಚ್ 6

ವಕೀಲಮ್ಮ ಮನೆಗೆ ಬಂದಿದ್ದರು. ಸುಮ್ಮನಿರಿ ಅಂದರು. ತಪ್ಪಾಗಿದೆ ಅಂತ ಹೋದರೆ ಪೇಪರಿನವರು ಸರಿಯಾದ ಫೋಟೊ ಕೊಡಿ ಅನ್ನುತ್ತಾರೆ. ಈಗ ಇವಳ ಮುಖ ಊರಿಗೆ ಗೊತ್ತಿಲ್ಲ. ಅದೇ ಪುಣ್ಯ ಅಂದುಕೊಳ್ಳಿ.

ಚಿಕ್ಕವಳಿಗೆ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುವುದರಲ್ಲಿದೆ. ಅಲ್ಲಿನ ಮೇಡಂಗೆ ಕೇಸಿನ ವಿಷಯ ಗೊತ್ತು. ಯಾರೂ ಗುರುತು ಹಿಡಿಯದಿದ್ದರೆ ಸರಿ ಅಂದಿದ್ದಾರೆ.

ನಾನೂ ವಕೀಲಮ್ಮನ ಮಾತಿಗೇ ತಲೆಯಾಡಿಸಿದೆ. ಹೋದವಳಿಗೆ ಇನ್ನು ಯಾರೇನು ಮಾಡಿಯಾರು, ಇರುವವಳು ಉಳಿದರೆ ಸಾಕು ಅಂದೆ. ಅಂದ ಮೇಲೆ ಬಾಯೆಲ್ಲ ಕಹಿ.

ಚಿಕ್ಕವಳು ಪಾತ್ರೆ ತೊಳೆಯುತ್ತಿದ್ದಳು. ತಿರುಗಲಿಲ್ಲ.

“ಅದು ನಾನಲ್ಲ ಅಂತ ಅಕ್ಕ ಬಂದು ಹೇಳೋಕಾಗಲ್ಲಮ್ಮ. ನನಗಾಗತ್ತೆ.”

ಮಾರ್ಚ್ 9, ಮಧ್ಯಾಹ್ನ

ಪೇಪರ್ ಆಫೀಸಿಗೆ ಹೋಗಿ ಬಂದೆವು.

ಕನ್ನಡಕದ ಸಂಪಾದಕರು ಕೂರಲು ಹೇಳಿದರು. ಕೆಟ್ಟ ಮನುಷ್ಯನಲ್ಲ. ಪೇಪರ್ ನೋಡಿದರು, ಇವಳನ್ನು ನೋಡಿದರು, ಮತ್ತೆ ಪೇಪರ್ ನೋಡಿದರು. ಅಂಥ ದೊಡ್ಡ ವ್ಯತ್ಯಾಸ ತಮಗೆ ಕಾಣುತ್ತಿಲ್ಲ ಅಂದರು.

“ನಾನು ನಿಮ್ಮೆದುರಿಗೆ ಕೂತಿದೀನಿ, ಸರ್. ಅವಳು ಮಣ್ಣಲ್ಲಿದಾಳೆ.”

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹಾಕಿಕೊಳ್ಳಲೇ ಇಲ್ಲ.

ಫೋಟೊ ಬೇಕಾಗುತ್ತದೆ ಅಂದರು. ತೆಗೀರಿ ಅಂದಳು. ಕ್ಯಾಮೆರಾದವನು ‘ಸ್ವಲ್ಪ ತಲೆ ತಗ್ಗಿಸಿ’ ಅಂದ, ಇಂಥ ಸುದ್ದಿಗೆ ಹಾಗೇ ತೆಗೆಯುವುದು ರೂಢಿಯಂತೆ. ಪಕ್ಕದ ಫೋಟೊದಲ್ಲಿರುವ ಸೊಸೆಗೂ ‘ತಲೆ ತಗ್ಗಿಸಿ’ ಅಂದಿದ್ದಿರಾ ಅಂತ ಇವಳು ಕೇಳಿದಳು. ಅವನು ಕ್ಲಿಕ್ ಮಾಡಿದ.

ಏಳುವಾಗ ಇನ್ನೊಂದು ಮಾತು ಹೇಳಿದಳು. ಕದ್ದಿಲ್ಲ ಅಂತ ನೀವು ಬರೀಬೇಡಿ, ಅದನ್ನ ಕೋರ್ಟು ಹೇಳಲಿ. ಆ ಸೊಸೆಗೆ ಶಿಕ್ಷಕಿ ಅಂತ ಬರೆದಿದ್ದೀರಿ. ನನಗೂ ಒಂದು ಕೆಲಸ ಇತ್ತು, ಅದನ್ನ ಬರೀರಿ.

ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡೆ. ಹೆತ್ತ ಹೊಟ್ಟೆ ತಣ್ಣಗಾಯಿತು ಅನ್ನುತ್ತಾರಲ್ಲ... ಬಹಳ ದಿನಕ್ಕೆ.

ಮಾರ್ಚ್ 11, ಸಂಜೆ 5

ಬಂದಿದೆ. ಒಳಪುಟದಲ್ಲಿ, ಮೂಲೆಯಲ್ಲಿ. ‘ನಿಧನರಾದ ಸಹೋದರಿಯ ಚಿತ್ರ ಪ್ರಕಟವಾಗಿತ್ತು. ವಿಷಾದಿಸುತ್ತೇವೆ.’ ‘ಕರಿ ಹೆಣ್ಣು’ ಇಲ್ಲ. ‘ವೃದ್ಧರ ಆರೈಕೆ ಮಾಡುತ್ತಿದ್ದವರು’ ಎಂದಿದೆ. ‘ಹೊರಗಿನಿಂದ ಬಂದ’ ಮಾತ್ರ ಹಾಗೇ ಉಳಿದಿದೆ. ಅದಕ್ಕೆ ಇನ್ನೊಮ್ಮೆ ಹೋಗಬೇಕು ಅಂತಾಳೆ.

ಫೋಟೊದಲ್ಲಿ ನೇರ ನೋಡುತ್ತಿದ್ದಾಳೆ. ನನ್ನ ಹಣೆ, ಅವರಪ್ಪನ ಗದ್ದ.

ಬೆಳಗ್ಗೆ ಹತ್ತು ಗಂಟೆಗೆ ಕಾರ್ಖಾನೆಯಿಂದ ಫೋನ್ ಬಂತು. ಬರುವುದು ಬೇಡವಂತೆ. ಸರಿ ಮೇಡಂ ಅಂದಳು, ಅಷ್ಟೇ. ಆಮೇಲೆ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ಕೂತು ಕಾದೆ. ಎದ್ದು ಬಂದು ಹಸಿವು ಅಂದಳು. ಬಡಿಸಿದೆ.

ಆಮೇಲೆ ತಡವಾಗಿ ಲಾಂಡ್ರಿಗೆ ಹೋದೆ. ಇಸ್ತ್ರಿಯವಳು ಪೇಪರ್ ತಂದಿದ್ದಳು. ಎಲ್ಲರಿಗೂ ಕೇಳುವ ಹಾಗೆ ಅಂದಳು — “ಅಕ್ಕಾ, ನಿಮ್ಮ ಮಗಳದ್ದು ಎದೆಗಾರಿಕೆ ಬಿಡಿ.” ಹೌದು ಅಂದೆ.

ಕೋರ್ಟಿಗೆ ಮುಖ ಮುಚ್ಚಿಕೊಳ್ಳದೆ ಬರುತ್ತೇನೆ ಅಂತ ವಕೀಲಮ್ಮನಿಗೆ ತಾನೇ ಫೋನ್ ಮಾಡಿದ್ದಾಳೆ. ನಾನು ರಜೆ ಹಾಕಿದ್ದೇನೆ. ನಾಳೆ ಹನ್ನೊಂದು ಗಂಟೆಗೆ ಹಾಜರಾಗಬೇಕು.