ಸುಧೀಂದ್ರರ ಡಿಬಗ್ಗರ್ ಕಟ್ಟಿದ ಅರವತ್ತೊಂದು ದಿನ

ರಾಯಚೂರು ಕಟ್ಟುಶಾಲೆ,
ಕ್ರಿ.ಶ. ೨೩೧೪, ಹದಿಮೂರನೇ ತಿಂಗಳ ಐದನೇ ದಿನ

ಸುಧೀಂದ್ರ ಅವರಿಗೆ,

ಹದಿಮೂರನೇ ತಿಂಗಳು ಎಂದರೆ ನೀವು ನಗಬಹುದು, ನಮ್ಮಲ್ಲಿದೆ. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೇ. ಉಳಿದದ್ದಕ್ಕೆಲ್ಲ ನೀವು ಕೇಳಬೇಕು.

ನಾನು ಹುಲಿಗೆಮ್ಮ, ಕಟ್ಟುಗಾರ್ತಿ. ನಿಮ್ಮ ಕಾಲದವರು ಬಿಟ್ಟುಹೋದ ಮೂಲಬರಹವನ್ನು ಕಂಪೈಲ್ ಮಾಡಿ ನಡೆಯುವ ಪ್ರೋಗ್ರಾಂ ಮಾಡುವುದು ನಮ್ಮ ಕಸುಬು, ಅದನ್ನೇ ಕಟ್ಟುವುದು ಅನ್ನುತ್ತೇವೆ. ಇಲ್ಲಿನ ಆಸ್ಪತ್ರೆಯ ಉಸಿರುಪೆಟ್ಟಿಗೆ, ಅಂದರೆ ಸೋತ ಶ್ವಾಸಕೋಶಕ್ಕೆ ಗಾಳಿ ತಳ್ಳುವ ಯಂತ್ರ, ಇಂದಿಗೂ ನಿಮ್ಮ ಕಾಲದ ಪ್ರೋಗ್ರಾಮಿನಲ್ಲೇ ಓಡುತ್ತದೆ. ನಮ್ಮಕ್ಕ ಶಂಕ್ರಮ್ಮನ ಉಸಿರು ನಡೆಯುತ್ತಿದ್ದುದೇ ಅದರಿಂದ. ದರಿದ್ರದ್ದು ಆಗಾಗ ಸುಮ್ಮಸುಮ್ಮನೆ ನಿಂತುಬಿಡುತ್ತಿತ್ತು. ಆಗ ನಮ್ಮ ಭಾವ ರಬ್ಬರ್ ಚೀಲ ಹಿಸುಕಿ ಹಿಸುಕಿ ಉಸಿರು ಕೊಡಬೇಕಿತ್ತು. ಪ್ರೋಗ್ರಾಂ ಎಲ್ಲಿ ತಪ್ಪುತ್ತಿದೆ ಎಂದು ನೋಡಲು ಡಿಬಗ್ಗರ್ ಬೇಕಾಯಿತು. ಆ ಯಂತ್ರಕ್ಕೆ ಹೊಂದುವುದು ಒಂದೇ, ನಿಮ್ಮದು. ಮೂಲಬರಹ ಪೂರ್ತಿ ಸಿಕ್ಕಿದಾಗ ಬದುಕಿದೆವಪ್ಪಾ ಅಂದುಕೊಂಡೆವು.

ಥೂ! ಕಟ್ಟುವುದು ಹೇಗೆಂದು ನೀವು ಬರೆದದ್ದು ಮೂರೇ ಸಾಲು, ಮೂರನೆಯದು "ಉಳಿದದ್ದು ಮಾಮೂಲಿನಂತೆ". ಯಾರ ಮಾಮೂಲು, ಸ್ವಾಮಿ? ಫೈಲುಗಳನ್ನು ಸಾಲಾಗಿ ಕಂಪೈಲ್ ಮಾಡಿಸುವ ಮೇಕ್ ಎಂಬ ನಿಮ್ಮ ಉಪಕರಣ ಸಾವಿರದಿನ್ನೂರು ಫೈಲು ದಾಟಿ, ಕೊನೆಯಲ್ಲಿ ಒಂದು ಫೈಲಿಲ್ಲವೆಂದು ನಿಂತಿತು. ಮೇಕ್ ತೋರಿಸಿದ ವಿಳಾಸ ನೋಡಿದರೆ ಅದು ಇದ್ದದ್ದು ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ, ನಿಮ್ಮ ಹೆಸರಿನ ಫೋಲ್ಡರಿನಲ್ಲಿ. ನಿಮ್ಮ ಹೆಸರು ನಮಗೆ ಗೊತ್ತಾದದ್ದೇ ಹಾಗೆ. ನಿಮ್ಮ ಮೇಜಿನ ಮೇಲೆ ಕಟ್ಟಿತು, ಕೈ ಕೊಡವಿಕೊಂಡು ಎದ್ದುಹೋದಿರಿ. ಉಂಡೆಲೆ ಎತ್ತದೆ ಹೋದವರನ್ನು ಕಂಡರೂ ನನಗೆ ಇಷ್ಟು ಹೇಸಿಗೆಯಾಗುವುದಿಲ್ಲ.

ಆ ಫೈಲಿನಲ್ಲಿ ಏನಿತ್ತೆಂದು ಊಹಿಸಿ ಬರೆದೆವು. ಮೇಕ್ ಒಪ್ಪಲಿಲ್ಲ. ಅಳಿಸಿ ಮತ್ತೆ ಬರೆದೆವು. ಸತ್ತವರನ್ನು ಬೈದರೆ ಫೈಲು ಬರುತ್ತದೇನವ್ವಾ ಎಂದರು ಶಾಲೆಯ ಹಿರಿಯರು ಮೌನೇಶಪ್ಪ. ನಾನು ಬೈಯುವುದು ಬಿಡಲಿಲ್ಲ. ಗಂಟಲಲ್ಲಿ ಗಾಳಿಕೊಳವೆ ಇದ್ದುದರಿಂದ ಅಕ್ಕನಿಗೆ ಮಾತಾಡಲು ಆಗುತ್ತಿರಲಿಲ್ಲ, ಸ್ಲೇಟಿನ ಮೇಲೆ ಬರೆದು ಕೇಳುತ್ತಿದ್ದಳು, ಕಟ್ಟಿತೇನೇ ಎಂದು. ನಾಳೆ ಅಕ್ಕಾ, ನಾಳೆ ಅನ್ನುತ್ತಿದ್ದೆ. ಎಷ್ಟು ನಾಳೆ ಹೇಳಿದೆನೋ.

ನಮ್ಮಲ್ಲಿ ಪರಗೈ ಎಂಬ ಕಟ್ಟಳೆಯಿದೆ. ಕಟ್ಟಿದವರು ಊರಾಚೆ ಹೋಗುತ್ತಾರೆ. ಮುಖಪರಿಚಯವೂ ಇಲ್ಲದ ಇನ್ನೊಬ್ಬರು ಬರೀ ಸೂಚನೆ ಓದಿಕೊಂಡು ಖಾಲಿ ಯಂತ್ರದಲ್ಲಿ ಕಟ್ಟುತ್ತಾರೆ. ಅವರ ಕೈಯಲ್ಲಿ ಕಟ್ಟದಿದ್ದರೆ ಕೆಲಸ ಮುಗಿದಂತಲ್ಲ. ನಿಮಗದು ಒಂದು ಮಧ್ಯಾಹ್ನದ ಕೆಲಸವಾಗುತ್ತಿತ್ತು, ಅದೂ ಕೈಲಾಗಲಿಲ್ಲ.

ಅರವತ್ತೊಂದನೇ ದಿನ ಡಿಬಗ್ಗರ್ ಕಟ್ಟಿತು. ತಪ್ಪು ಹಿಡಿಯಲು ಹತ್ತೇ ನಿಮಿಷ ಸಾಕಾಯಿತು. ಉಸಿರುಪೆಟ್ಟಿಗೆ ಈಗ ನಿಲ್ಲುವುದಿಲ್ಲ, ಅದರ ಪಕ್ಕದ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದಾರೆ. ಅಕ್ಕ ಐವತ್ತೆಂಟನೇ ದಿನವೇ ಹೋದಳು. ಭಾವನ ಬೆರಳುಗಳು ಇನ್ನೂ ಮಡಚಿಕೊಂಡೇ ಇವೆ.

ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೇ ಬರುತ್ತದೆ. ನೀವು ಇದನ್ನು ಓದುತ್ತಿರುವಾಗ ಆ ಫೈಲು ಇನ್ನೂ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಎದ್ದು ಹೋಗಿ ಉಳಿದವುಗಳ ಜೊತೆ ಸೇರಿಸಿ. ನಮ್ಮಕ್ಕ ಇನ್ನೂ ಹುಟ್ಟಿಲ್ಲ.

ಹುಲಿಗೆಮ್ಮ