ಪಿಳ್ಳಮ್ಮನ ಗಡಿಗೆ ನೀರಿಗೆ ಸರ್ಕಾರದ ಸರ್ಟಿಫಿಕೇಟು

ಮಾನ್ಯ ನೀರು ಪರೀಕ್ಷಾಧಿಕಾರಿಗಳೇ,

ನಮ್ಮೂರ ಕುಂಟೆಯ ನೀರು ಕುಡಿಯಲು ಯೋಗ್ಯವೆಂದು ತಾವು ಬರೆದುಕೊಟ್ಟಿರಿ. ಅದನ್ನೇ ನೆಪಮಾಡಿ ತಾಲ್ಲೂಕು ಕಚೇರಿಯವರು ನಮಗೆ ಮಂಜೂರಾಗಿದ್ದ ಬಾವಿಯನ್ನು ರದ್ದುಮಾಡಿದರು. ನಾರುಹುಣ್ಣು ಹರಡುತ್ತದೆಂದು ತಮ್ಮ ಇಲಾಖೆಯೇ ನಮ್ಮ ಮೆಟ್ಟಿಲುಬಾವಿಯನ್ನು ಮುಚ್ಚಿಸಿದಾಗ ನನಗಿನ್ನೂ ಮೀಸೆ ಮೂಡಿರಲಿಲ್ಲ. ಈಗ ಅದು ನರೆತಿದೆ. ಬಾವಿಯಿಲ್ಲದೆ ಊರೆಲ್ಲ ಪಿಂಗಾಣಿ ಕಾರ್ಖಾನೆಯ ಮೋರಿ ಬಂದು ಸೇರುವ ಹಳದಿ ಕುಂಟೆಯನ್ನೇ ಕುಡಿಯುತ್ತಿದೆ.

ಯುದ್ಧಕ್ಕೆ ಮುಂಚೆ ತರಿಸಿಟ್ಟ ಯುರೇನಿಯಂ ಬಣ್ಣದಿಂದ ಆ ಕಾರ್ಖಾನೆಯವರು ಬಟ್ಟಲುಗಳಿಗೆ ಹಳದಿ ಮೆರುಗು ಕೊಡುತ್ತಾರೆ. ಹಿರೋಷಿಮಾವನ್ನು ಸುಟ್ಟದ್ದು ಇದೇ ಲೋಹವೆಂದು ಪತ್ರಿಕೆಯಲ್ಲಿ ಓದಿ ನಾನು ಅರ್ಜಿ ಹಾಕಿದೆ. ವಿಲಾಯಿತಿಯ ಪ್ರಯೋಗಾಲಯದ ವರದಿಯನ್ನು ಆಧರಿಸಿ ತಾವು ಉತ್ತರಿಸಿದಿರಿ: ನೀರಿನಲ್ಲಿರುವ ಯುರೇನಿಯಂ ಅತ್ಯಲ್ಪ, ಅದರ ಹಗುರ ಮತ್ತು ಭಾರದ ಬಗೆಗಳ ಪ್ರಮಾಣ ಶಿವಗಂಗೆ ಬೆಟ್ಟದ ಬಂಡೆಯಲ್ಲಿರುವಂತೆಯೇ ಇದೆ, ಆದ್ದರಿಂದ ಅದು ಬೆಟ್ಟದಿಂದಲೇ ಬಂದದ್ದು.

ಭಲೇ! ಕಾರ್ಖಾನೆಯ ಬಣ್ಣವೇನು ಆಕಾಶದಿಂದ ಉದುರಿತೇ? ಅದೂ ಯಾವುದೋ ದೇಶದ ಬಂಡೆಯದೇ. ಭೂಮಿಯನ್ನು ಎಲ್ಲಿ ಅಗೆದರೂ ಹಗುರದ್ದು ಒಂದು ಪಾಲಿದ್ದರೆ ಭಾರದ್ದು ಸುಮಾರು ನೂರನಲವತ್ತು ಪಾಲು. ಬಾಂಬಿಗೆಂದು ಹಗುರದ್ದನ್ನು ಬೇರ್ಪಡಿಸಿದರೆ ಮಾತ್ರ ಅದು ಕದಲುವುದು. ಆ ಪ್ರಮಾಣ ಕದಲಿಲ್ಲವೆಂದರೆ ನಮ್ಮೂರಿನಲ್ಲಿ ಯಾರೂ ಬಾಂಬು ಮಾಡುತ್ತಿಲ್ಲ ಎಂದಷ್ಟೇ ಅರ್ಥ. ಸಂತೋಷ. ಆ ಅನುಮಾನ ನಮಗೂ ಇರಲಿಲ್ಲ.

ಇನ್ನು ತಾವು ಪರೀಕ್ಷಿಸಿದ ನೀರಿನ ಕಥೆ. ತಮ್ಮ ಜವಾನ ಸೀಸೆಯನ್ನು ನನ್ನ ಅತ್ತಿಗೆ ಪಿಳ್ಳಮ್ಮನ ಕೈಗೆ ಕೊಟ್ಟು, ತಾನು ಹೊಂಗೆಯ ನೆರಳಿನಲ್ಲಿ ಒರಗಿದ. ಆಕೆ ಕುಂಟೆಯ ನೀರನ್ನು ಸೀರೆಯ ನಾಲ್ಕು ಮಡಿಕೆಯಲ್ಲಿ ಸೋಸಿ, ಗಡಿಗೆಯೊಳಗೆ ಚಿಲ್ಲದ ಬೀಜ ತೇದು ಬಿಟ್ಟು, ಬಗ್ಗಡವೆಲ್ಲ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಸೀಸೆಗೆ ತುಂಬಿಕೊಟ್ಟಳು. ನಾನು ಹೋಗುವಷ್ಟರಲ್ಲಿ ಅರಗಿನ ಮುದ್ರೆ ಬಿದ್ದಾಗಿತ್ತು.

"ಏನತ್ತಿಗೆ ಮಾಡ್ಬಿಟ್ಟೆ!" ಎಂದೆ.

"ನೆಂಟ್ರಿಗೆ ಕೊಡ್ದಿರೋ ಗಲೀಜು ನೀರ್ನ ಸರ್ಕಾರಕ್ಕೆ ಕೊಡ್ಲಾ? ಊರಿನ ಮಾನ ಏನಾಗ್ಬೇಕಪ್ಪಾ?"

ಬೇರೆ ನೀರು ತುಂಬಿಕೋ ಎಂದು ಜವಾನನಿಗೆ ಹೇಳಿದೆ. ಅವನು ಸೀಸೆಯನ್ನು ಚೀಲಕ್ಕಿಳಿಸುತ್ತ, "ಮುದ್ರೆ ಬಿದ್ಮೇಲೆ ಇದೇ ಕುಂಟೆ ನೀರು ಸ್ವಾಮಿ" ಎಂದ.

ಆದ್ದರಿಂದ ತಾವೇ ಬರಬೇಕು. ಕಾರ್ಖಾನೆಗಿಂತ ಮೇಲಿನ ಹಳ್ಳದಿಂದ, ಅದರ ಮೋರಿಯಿಂದ, ನಮ್ಮ ಕುಂಟೆಯಿಂದ ಒಂದೊಂದು ಸೀಸೆಯನ್ನು ಕೈಯಾರೆ ತುಂಬಿಕೊಳ್ಳಬೇಕು. ಎಲ್ಲಿ ಎಷ್ಟಿದೆ ಎಂದು ಅಳೆದು ಹೇಳಿದರೆ ತಪ್ಪು ಬೆಟ್ಟದ್ದೋ ಮೋರಿಯದೋ ತಾನಾಗಿ ತಿಳಿಯುತ್ತದೆ.

ಬಾವಿಗೆ ಮಾತ್ರ ತಮ್ಮ ವರದಿಯನ್ನು ಕಾಯುವುದಿಲ್ಲ. ನಿನ್ನೆಯಿಂದ ಗೋಮಾಳದಲ್ಲಿ ನಾವೇ ಅಗೆಯುತ್ತಿದ್ದೇವೆ. ಅಪ್ಪಣೆಯಿಲ್ಲದೆ ಸರ್ಕಾರಿ ನೆಲ ತೋಡುವುದು ಅಪರಾಧವೆಂದು ಬಲ್ಲೆವು. ಪೊಲೀಸರು ಬರುವ ಜೀಪಿನಲ್ಲೇ ತಾವೂ ಬಂದರೆ ಈ ರೇಷನ್ ಕಾಲದಲ್ಲಿ ಒಂದಿಷ್ಟು ಪೆಟ್ರೋಲಾದರೂ ಉಳಿದೀತು.

ಇಂತಿ,
ಮಣ್ಣು ಹೊರುವ ವಯಸ್ಸು ಮೀರಿ ಕಾಗದ ಬರೆಯಲು ಕೂತ
ವೆಂಕಟರಾಯಪ್ಪ
ನೆಲಮಂಗಲ ತಾಲ್ಲೂಕು, ೧೯೪೯