ಮೂವತ್ತೆರಡು ಬಾಗಿಲು, ಒಂದು ಮುದುಡಿದ ಎಲೆ

ಕಟ್ಟಡ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಹೆಬ್ಬಾಗಿಲಿನಿಂದ ನನ್ನಪ್ಪ ಕೆತ್ತಿದ ತೇಗದ ಹಲಗೆಯನ್ನು ಬಿಚ್ಚಿಸಿ, ಯಂತ್ರದಿಂದ ಮೂವತ್ತೆರಡು ನಕಲು ತೆಗೆಸಿ ಒಳಗಿನ ಬಾಗಿಲುಗಳಿಗೆಲ್ಲ ಹಚ್ಚಿಸಿ, ಅಸಲನ್ನು ಗೋದಾಮಿಗೆ ತಳ್ಳಿದ್ದೀರಿ. ಬರುವ ಸೋಮವಾರ ಅದು ‘ನಿರುಪಯುಕ್ತ ಸಾಮಗ್ರಿ’ಗಳ ಜೊತೆ ವಿಲೇವಾರಿಯಾಗಲಿದೆಯಂತೆ. ಸೂಚನಾ ಫಲಕದ ಪಟ್ಟಿಯಲ್ಲಿ ಮುರಿದ ಕುರ್ಚಿಗಳ ಕೆಳಗೆ, ತುಕ್ಕು ಹಿಡಿದ ಬೀರುವಿನ ಮೇಲೆ ಅದಕ್ಕೆ ಜಾಗ ಕೊಟ್ಟಿದ್ದೀರಿ. ದೊಡ್ಡ ಮನಸ್ಸು ನಿಮ್ಮದು.

ನಕಲು ಕರಾರುವಾಕ್ಕಾಗಿದೆ, ಒಪ್ಪುತ್ತೇನೆ. ಬಳ್ಳಿ, ಹಕ್ಕಿ, ಎಲೆ ಯಾವುದೂ ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಎಷ್ಟು ಕರಾರುವಾಕ್ಕೆಂದರೆ, ಅಪ್ಪನ ತಪ್ಪನ್ನೂ ಮೂವತ್ತೆರಡು ಸಲ ಕೆತ್ತಿಸಿದ್ದೀರಿ. ಶೌಚಾಲಯದ ಬಾಗಿಲನ್ನೂ ಬಿಟ್ಟಿಲ್ಲ.

ಎಡಗಡೆ ಕೆಳಗಿನಿಂದ ಮೂರನೇ ಎಲೆ ನೋಡಿ. ಉಳಿದವೆಲ್ಲ ಬಿಚ್ಚಿಕೊಂಡಿವೆ, ಅದೊಂದು ಮುದುಡಿದೆ. ಯಾಕೆಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದರಾ? ಅಪ್ಪ ಆ ಎಲೆಯ ಮೇಲೆ ಉಳಿ ಇಟ್ಟಿದ್ದಾಗ ಅಮ್ಮ ಕೆಲಸದ ಕೋಣೆಗೆ ಬಂದು, “ರೀ, ಪುಟ್ಟಿ ಹೋಗ್ಬಿಟ್ಲು” ಅಂದಳು. ಪುಟ್ಟಿ ಎಂದರೆ ನನ್ನ ತಂಗಿ, ನಾಲ್ಕು ವರ್ಷದವಳು, ಹದಿನೈದು ದಿನದಿಂದ ಜ್ವರದಲ್ಲಿದ್ದಳು. ಉಳಿ ಜಾರಿತು, ಅರ್ಧ ಎಲೆ ಹಾರಿಹೋಯಿತು. ಉಬ್ಬುಕೆತ್ತನೆಯಲ್ಲಿ ಒಮ್ಮೆ ತೆಗೆದ ಮರವನ್ನು ಮತ್ತೆ ಹಚ್ಚಲಾಗದು, ಮಾನ್ಯರೇ. ಸುತ್ತಲಿನದನ್ನು ಇನ್ನಷ್ಟು ತಗ್ಗಿಸಿ, ಮಿಕ್ಕಿದ್ದರಲ್ಲೇ ಏನಾದರೂ ಮಾಡಬೇಕು. ಎಷ್ಟೋ ದಿನದ ಮೇಲೆ ಮತ್ತೆ ಉಳಿ ಹಿಡಿದ ಅಪ್ಪ, ಮಿಕ್ಕರ್ಧವನ್ನು ಇನ್ನೂ ಬಿಚ್ಚದ ಎಳೆಯ ಎಲೆಯಾಗಿಸಿದ. ಬೇರೆ ಹಲಗೆ ತಗೋ ಎಂದವರಿಗೆ, “ಇರ್ಲಿ ಬಿಡಿ, ಅವಳು ಇಲ್ಲೇ ಇರ್ಲಿ” ಅಂದನಂತೆ.

ಅಪ್ಪ ಈಗಿಲ್ಲ. ಅಮ್ಮ ಮಾತ್ರ ತಿಂಗಳಿಗೊಮ್ಮೆ ಏನಾದರೊಂದು ಅರ್ಜಿಯ ನೆಪ ಹೂಡಿ ಬಂದು, ಆ ಎಲೆ ಸವರಿ ಹೋಗುತ್ತಿದ್ದಳು. ಊರಲ್ಲೇ ಅತಿ ಹೆಚ್ಚು ಕುಂದುಕೊರತೆ ಇರುವ ಮುದುಕಿ ಎಂದು ನಿಮ್ಮ ಗುಮಾಸ್ತರು ನಕ್ಕಿರಲೂಬಹುದು. ಕಳೆದ ವಾರ ಹೋದರೆ ಕಂಡಕಂಡ ಬಾಗಿಲಲ್ಲೆಲ್ಲ ಅದೇ ಎಲೆ! ಅವಳು ಕಂಗಾಲಾಗಿ ನಿಂತಿದ್ದನ್ನು ನೋಡಿ ಗುಮಾಸ್ತರೊಬ್ಬರು, ಪಾಪ, ಸಮಾಧಾನ ಹೇಳಿದರಂತೆ: “ಎಲ್ಲಾ ಒಂದೇ ಅಲ್ವಾ ಅಜ್ಜಿ, ಯಾವ್ದನ್ನಾದ್ರೂ ಮುಟ್ಟಿ.” ಅಮ್ಮ ಮೂವತ್ತೆರಡನ್ನೂ ಮುಟ್ಟಿದಳು. ಮನೆಗೆ ಬಂದು ಚಪ್ಪಲಿ ಬಿಡುತ್ತಾ, “ಒಂದ್ರಲ್ಲೂ ಅವಳಿಲ್ಲಮ್ಮ” ಅಂದಳು. ನನಗೆ ಅಳು ತಡೆಯಲಾಗಲಿಲ್ಲ.

ಎರಡನೇ ಸಲ ಮಗಳನ್ನು ಕಳೆದುಕೊಳ್ಳಲು ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕು, ತಿಳಿಸುವಿರಾ?

ನಾನೂ ಅಪ್ಪನ ಉಳಿಗಳಲ್ಲೇ ಬದುಕುವವಳು. ಯಂತ್ರದ ಜೊತೆ ನನಗೆ ಜಗಳವಿಲ್ಲ. ಸೋಮವಾರದೊಳಗೆ ಆ ಹಲಗೆಯನ್ನು ಅಮ್ಮನ ಕೈಗೆ ಕೊಡಿ. ಹೊರಲು ನಾನೇ ಬರುತ್ತೇನೆ, ನಿಮ್ಮ ಆಳು ಬೇಡ, ಗಾಡಿಯೂ ಬೇಡ. ಇನ್ನೊಂದು ಮಾತು. ನಿಮ್ಮ ಯಂತ್ರಕ್ಕೆ ಸಾವಿನ ಸುದ್ದಿ ಬಂದಿಲ್ಲವಲ್ಲ, ಅದು ಮುಂದೆ ಕೆತ್ತುವ ಬಾಗಿಲುಗಳಲ್ಲಾದರೂ ಮೂರನೇ ಎಲೆ ಪೂರ್ತಿ ಬಿಚ್ಚಿಕೊಳ್ಳಲಿ. ಮುದುಡಿದ್ದು ನಮ್ಮ ಮನೆಯಲ್ಲಿ ಒಂದಿದ್ದರೆ ಸಾಕು.

ಇಂತಿ,
ಆ ಮೂರನೇ ಎಲೆಯ ಅಕ್ಕ